ಗದ್ದೆಯ ಬಾಣಂತನ

ನಮ್ಮತ್ತೆಯ ಹಿಮ್ಮಡಿ ಒಡೆದು ಬಿರುಕು ಬಿಟ್ಟಿತ್ತು. ಕೆರೆ ಕೆಳಗಿನ ಗದ್ದೆಯ ಕರಿ ಮಣ್ಣು ಅದರೊಳಗೆ ಸೇರಿಕೊಂಡರೆ ಕಲ್ಲಿನಿಂದ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಒಂದು ಸಂಜೆ ಗದ್ದೆಗೆ ಹೆಸರುಕಾಳು ಚೆಲ್ಲಿ ಬಂದು ಜಗಲಿಯ ಮೇಲೆ ಕಾಲು ಚಾಚಿದಾಗ ನೋಡಿದರೆ, ಬಿರುಕಿನಲ್ಲಿ ಒಂದು ಕಾಳು ಸಿಕ್ಕಿಕೊಂಡಿದೆ! "ತೆಗೀಲಾ ಅತ್ತೆ?" ಎಂದೆ. "ಇರ್ಲಿ ಬುಡು, ಅಲ್ಲೂ ಮೊಳೀತದೇನೋ ನೋಡಾನ" ಎಂದರು.

ನಾನು ಲಗ್ಗೆರೆಯಿಂದ ಮದುವೆಯಾಗಿ, ಮಾರತ್ತಹಳ್ಳಿ ದಾಟಿ ವೈಟ್‌ಫೀಲ್ಡ್ ಕಡೆಯ ಈ ಊರಿಗೆ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ನನ್ನ ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ನಮ್ಮ ಕಡೆ ಬರೀ ರಾಗಿ ಹೊಲ. ಭತ್ತದ ಗದ್ದೆ ನನಗೆ ಹೊಸದು. ಬಂದ ವರ್ಷ ಭತ್ತ ಕೊಯ್ದು ಮೆದೆ ಹಾಕಿದ ಮರುದಿನ ಅತ್ತೆ ಮಡಿಲಿಗೆ ಏನೋ ಕಟ್ಟಿಕೊಂಡು, "ಬಾಣಂತೀನ ನೋಡ್ಕಂಡ್ ಬತ್ತೀನಿ ಕಣಮ್ಮ" ಎಂದು ಹೊರಟರು. ಸೊಸೆಯಾದವಳಿಗೆ ಅಷ್ಟೂ ತಿಳಿಯುವುದಿಲ್ಲವೇ? ಓಡಿಹೋಗಿ ಕೊಬ್ಬರಿ ಬೆಲ್ಲ ಕಟ್ಟಿಕೊಟ್ಟೆ. "ಮಗು ಗಂಡೋ ಹೆಣ್ಣೋ ಅತ್ತೆ?" ಅಂತಲೂ ಕೇಳಿದೆ. ಅವರು ನಕ್ಕು ನಕ್ಕು ಜಗಲಿಯ ಮೇಲೆ ಕುಸಿದು ಕುಳಿತರು. ಮಡಿಲಲ್ಲಿದ್ದದ್ದು ಹೆಸರುಕಾಳು. ಬಾಣಂತಿ ಅಂದರೆ ಕೊಯ್ದ ಗದ್ದೆ.

ಭತ್ತ ಹೆತ್ತು ಸುಸ್ತಾದ ನೆಲಕ್ಕೆ ತೇವ ಆರುವ ಮೊದಲೇ ಹೆಸರೋ ಅಲಸಂದೆಯೋ ಬೀಳಬೇಕು. ಅದು ಅವಳ ಪಥ್ಯ. ಮನೆಗೆಂದು ಒಂದು ಸಲ ಕಾಯಿ ಬಿಡಿಸಿಕೊಂಡರೆ ಮುಗಿಯಿತು, ಗಿಡವನ್ನೆಲ್ಲ ಹಸಿರಾಗಿರುವಾಗಲೇ ಉತ್ತು ಮಣ್ಣಿಗೆ ಸೇರಿಸುತ್ತಿದ್ದರು. ಇನ್ನೊಮ್ಮೆ ಬುಟ್ಟಿ ಹಿಡಿದು ಹೋದವರಿಗೆ ಅತ್ತೆಯ ಮಂಗಳಾರತಿ: "ಬಾಣಂತಿ ಎಲೆ ಮುಂದ್ಲ ಊಟ ಕಿತ್ಕತೀರಲ್ಲ, ನಾಚ್ಕೆ ಆಗಲ್ವಾ?" ಒಮ್ಮೆ ಒಂದು ಗಿಡ ಕಿತ್ತು ನನಗೆ ಬೇರು ತೋರಿಸಿದರು. ಉದ್ದಕ್ಕೂ ಸಬ್ಬಕ್ಕಿಯಂಥ ಸಣ್ಣ ಸಣ್ಣ ಗಂಟು. "ನೋಡು, ಬಾಣಂತಿ ಉಂಡೆ. ಇದ್ನ ತಿಂದೇ ಅವ್ಳು ಮೈಕೈ ತುಂಬ್ಕಳಾದು."

ನನಗೆ ಮಗಳು ಹುಟ್ಟಿದ್ದೂ ಕೊಯ್ಲಿನ ಕಾಲದಲ್ಲೇ. ತವರಿಗೆ ಹೋಗೋಣವೆಂದರೆ ಅಲ್ಲಿ ಅವ್ವ ಎಲ್ಲಿ? ಅತ್ತೆಯೇ ಬಾಣಂತನಕ್ಕೆ ನಿಂತರು. ಎಣ್ಣೆ ನೀರು, ಮೆಣಸಿನ ಸಾರು, ಸಾಂಬ್ರಾಣಿ ಹೊಗೆ, ಒಂದಕ್ಕೂ ಕೊರತೆಯಿಲ್ಲ. ಅದೇ ವರ್ಷ ಪಕ್ಕದ ಗದ್ದೆಯವರು ಬಾವಿಗೆ ಪಂಪು ಕೂರಿಸಿ ಬೇಸಿಗೆ ಭತ್ತಕ್ಕೆ ಇಳಿದಿದ್ದರು. ನಮಗೂ ನೀರು ಬಿಡಲು ಒಪ್ಪಿದ್ದರು. ನಮ್ಮ ಯಜಮಾನರಿಗೆ ಹಗಲೂ ರಾತ್ರಿ ಅದೇ ಧ್ಯಾನ.

"ಅವ್ವ, ಈ ಸಲ ಎಸ್ರುಕಾಳು ಬೇಡ. ಇನ್ನೊಂದು ಭತ್ತ ಆಕಾನ" ಎಂದರು.

"ನಾಟಿಗೆ ಆಳೆಲ್ಲೋ?"

"ಆಳುಗಳೆಲ್ಲ ಫ್ಯಾಕ್ಟ್ರಿ ಕಡೆ ಓಗವ್ರೆ. ಇವ್ಳೂ ಬರ್ಲಿ. ಎರಿಗೆ ಆಗಿ ತಿಂಗ್ಳಾಯ್ತಲ್ಲ."

ಒಳಗೆ ಮಗುವಿಗೆ ಹಾಲು ಕುಡಿಸುತ್ತಿದ್ದ ನನಗೆ ಅದೆಲ್ಲ ಕೇಳಿಸಿತು. ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿದ್ದ ಕಾಲ. ದಿನವಿಡೀ ಕೆಸರಲ್ಲಿ ಬಗ್ಗಿ ನಿಲ್ಲುವುದೆಂದರೆ!

ಅತ್ತೆ ಕೂಗಾಡಲಿಲ್ಲ. "ಲೋ ಮಗ, ಮನೇಲೊಬ್ಳು ಬಾಣಂತಿ, ಗದ್ದೇಲೊಬ್ಳು ಬಾಣಂತಿ. ಇಬ್ರುನ್ನೂ ಎಬ್ಬುಸಿ ದುಡುಸ್ಬೇಕು ಅಂತಿದ್ರೆ ಮೊದ್ಲು ನನ್ನ ಮಣ್ಣು ಮಾಡು" ಎಂದರು. ಅಷ್ಟೇ. ಸಂಜೆಯೊಳಗೆ ಗದ್ದೆಗೆ ಹೆಸರುಕಾಳು ಬಿದ್ದಿತ್ತು.

ಪಕ್ಕದವರಿಗೆ ಆ ವರ್ಷ ಎರಡು ಬೆಳೆ ಬಂತು, ಅದೂ ನಿಜ. ಯಜಮಾನರು ಬಹಳ ದಿನ ಮುಖ ಊದಿಸಿಕೊಂಡು ಓಡಾಡಿದರು. ನಾನು ಮಾತ್ರ ಬಾಣಂತನ ಮುಗಿಯುವವರೆಗೂ ಬೆಚ್ಚಗೆ ಮಲಗಿ ಎದ್ದೆ. ಇವತ್ತಿಗೂ ನನ್ನ ಸೊಂಟ ಗಟ್ಟಿಯಾಗಿದ್ದರೆ ಅದು ಅತ್ತೆ ಕೊಟ್ಟದ್ದು. ಹೆತ್ತವ್ವ ಇದ್ದಿದ್ದರೂ ಇದಕ್ಕಿಂತ ಹೆಚ್ಚು ಮಾಡುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ, ಭತ್ತ ಕೊಯ್ದ ಹೊತ್ತಿನಲ್ಲೇ ಅತ್ತೆ ಹೋಗಿಬಿಟ್ಟರು. ಅಷ್ಟರಲ್ಲಿ ನಮ್ಮ ಬಾವಿಗೂ ಪಂಪು ಬಂದಿತ್ತು. ಇನ್ನು ತಡೆಯುವವರು ಯಾರು? "ಮೊದ್ಲು ನನ್ನ ಮಣ್ಣು ಮಾಡು" ಎಂದು ಅತ್ತೆ ಅಂದದ್ದು ನನ್ನ ಕಿವಿಯಲ್ಲೇ ಇತ್ತು. ತಿಥಿ ಮುಗಿದ ಮರುದಿನ ಬೆಳಿಗ್ಗೆ ಯಜಮಾನರು ಕಾಳು ಕಡಿ ಇಡುವ ಕೋಣೆಗೆ ಹೋದಾಗ, ಬಿತ್ತನೆ ಭತ್ತದ ಮೂಟೆ ಇಳಿಸುತ್ತಾರೆಂದೇ ಅಂದುಕೊಂಡೆ.

ಹೊರಗೆ ಬಂದಾಗ ಅವರ ಟವಲಿನ ತುಂಬ ಹೆಸರುಕಾಳು. ನನ್ನ ಮುಖ ನೋಡದೆ, "ಬಾಣಂತಿಗೆ ಇನ್ನೂ ಏನೂ ಆಕಿಲ್ವಲ್ಲೇ. ಬಾ, ತೇವ ಆರೋಯ್ತದೆ" ಎಂದರು.

ಅತ್ತೆಯನ್ನು ಮಣ್ಣು ಮಾಡಿದ ದಿನ ಬಂದುಹೋಗುವವರ ಗದ್ದಲದಲ್ಲಿ ನನಗೆ ಅಳಲೂ ಆಗಿರಲಿಲ್ಲ. ಅವತ್ತು ಸೆರಗಿನ ತುಂಬ ಕಾಳು ಹಿಡಿದು, ಗದ್ದೆಯ ನಡುವೆ ನಿಂತು, ಗೋಳೋ ಎಂದು ಅತ್ತುಬಿಟ್ಟೆ.