ದಾಳಿಂಬ್ರಿ ಸಿಪ್ಪಿಯ ಅರಿವಿ

ಮೊಮ್ಮಗಳು ಕಾಲೇಜಿನಿಂದ ಬಂದವಳೇ ಚೀಲದಾಗಿಂದ ಒಂದು ತೆಳ್ಳನೆಯ ಹಾಳೆ ತೆಗೆದು ನನ್ನ ಅಂಗೈ ಮೇಲಿಟ್ಟಳು. ನೋಡಿದರೆ ಪ್ಲಾಸ್ಟಿಕ್ ಇದ್ದಂಗೆ, ಮುಟ್ಟಿದರೆ ಉಳ್ಳಾಗಡ್ಡಿ ಪೊರೆ ಇದ್ದಂಗೆ. ಬಣ್ಣ ನಸುಗಂದು. ಮೂಗಿಗೆ ಹಿಡಿದೆ. ಮೊದಲು ಅಕ್ಕಿ ಗಂಜಿ, ಅದರ ಬೆನ್ನಿಗೇ ದಾಳಿಂಬ್ರಿ ಸಿಪ್ಪಿಯ ಒಗರು... ಆ ವಾಸನೆ ನನ್ನ ಮೂಗಿಗೆ ಬಡಿದು ನಲವತ್ತು ವರ್ಷ ಆಗಿತ್ತು.

"ನಮ್ಮ ನವಲಿ ನುಚ್ಚಕ್ಕಿದು ಅಜ್ಜಿ. ಕುಷ್ಟಗಿ ದಾಳಿಂಬ್ರಿ ಸಿಪ್ಪಿ ಕುದಿಸಿ ಕೂಡಿಸೇನಿ. ಇದರಾಗ ಸುತ್ತಿಟ್ಟರ ಬೂಸರು ಲಗೂನ ಹಿಡಿಯಂಗಿಲ್ಲ. ತಿಂದು ಒಗದ್ರ ಮಣ್ಣಾಗ ಮಣ್ಣಾಗಿ ಹೋಗ್ತೈತಿ."

ನಾನು ನಾಕನೇತ್ತ ಓದಿದಾಕಿ. ಆದರೂ ಅವಳು ಹೇಳಿದ್ದು ಪೂರಾ ತಿಳಿಯಿತು. ಗಂಜಿಯನ್ನು ಗಾಜಿನ ಮೇಲೆ ತೆಳ್ಳಗೆ ಹುಯ್ದು, ಹಪ್ಪಳದಂಗೆ ಒಣಗಿಸಿ ಎಬ್ಬಿಸುತ್ತಾರಂತೆ. ಮೊದಮೊದಲು ಹಪ್ಪಳದಂಗೇ ಮುರಿಯುತ್ತಿತ್ತಂತೆ. ನಾಕು ಹನಿ ಗ್ಲಿಸರಿನ್ ಬಿಟ್ಟ ಮೇಲೆ ಬಗ್ಗಲಿಕ್ಕೆ ಕಲಿಯಿತಂತೆ. ನಮ್ಮ ಅಡಿಗಿಮನಿಯಲ್ಲೇ ಪರೀಕ್ಷೆ ಇಟ್ಟಳು. ಒಂದು ಶೇಂಗಾ ಹೋಳಿಗಿ ಪ್ಲಾಸ್ಟಿಕ್ಕಿನಲ್ಲಿ, ಒಂದು ಅವಳ ಹಾಳೆಯಲ್ಲಿ. ಐದನೇ ದಿನಕ್ಕೆ ಪ್ಲಾಸ್ಟಿಕ್ಕಿನದು ಬೂಸರು ಹಿಡಿಯಿತು. ಅವಳದು ಎಂಟನೇ ದಿನಕ್ಕೂ ಹೊಸಾದು ಇದ್ದಂಗೆ ಇತ್ತು. ನಾನು ಮುರಿದು ಬಾಯಿಗೆ ಹಾಕಿಕೊಂಡೆ. "ಅಜ್ಜೀ, ಅದು ಪರೀಕ್ಷಾದ್ದು, ತಿನಬ್ಯಾಡ!" ಅಂತ ಚೀರುತ್ತ ಓಡಿಬಂದಳು. ಅಷ್ಟರೊಳಗೆ ಅರ್ಧ ಹೋಳಿಗಿ ಹೊಟ್ಟೆಯಲ್ಲಿತ್ತು!

ಅವಳಿಗೆ ಈ ವಿಚಾರ ಹೊಳೆದದ್ದೇ ನನ್ನ ಮಾತಿನಿಂದ. ನಮ್ಮ ತವರಿನ ಓಣಿಯಲ್ಲಿ ಬುತ್ತಿ ಕಟ್ಟುವ ಅರಿವಿಯನ್ನು ಸಿಪ್ಪಿ ಕುದಿಸಿದ ಗಂಜಿಯಲ್ಲಿ ಅದ್ದುತ್ತಿದ್ದರು ಅಂತ ಒಮ್ಮೆ ಹೇಳಿದ್ದೆ. ಅಷ್ಟೇ ಹೇಳಿದ್ದೆ. ಉಳಿದದ್ದು ನುಂಗಿಕೊಂಡಿದ್ದೆ.

ನನ್ನ ತವರು ತಾವರಗೇರಾ. ಮನಿ ಎದುರಿಗೆ ಮುಸಲ್ಮಾನರ ಹೆಂಗಸೊಬ್ಬಳಿದ್ದಳು, ಚಿಗವ್ವ ಅನ್ನುವಂಗೆ ಓಣಿಯೆಲ್ಲ ಅವಳನ್ನು ಖಾಲಾ ಅಂತಿತ್ತು. ಅವಳ ಗಂಡನದು ಹಣ್ಣಿನ ವ್ಯಾಪಾರ. ಒಡೆದ ದಾಳಿಂಬ್ರಿ ಮನಿಗೆ ಬಂದರೆ ಕಾಳು ಓಣಿಯ ಮಕ್ಕಳಿಗೆ, ಸಿಪ್ಪಿ ಮಾಳಿಗಿ ಮೇಲೆ ಬಿಸಿಲಿಗೆ. ಶ್ರಾವಣ ಬರುವ ಹೊತ್ತಿಗೆ ಆ ಸಿಪ್ಪಿ ಕುದಿಸಿ, ಗಂಜಿ ಕೂಡಿಸಿ, ಹಳೇ ಧೋತರದ ತುಂಡುಗಳನ್ನು ಅದ್ದಿ ಹಿಂಡಿ ಒಣಹಾಕುತ್ತಿದ್ದಳು. ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಗಂಡನ ಮನಿಗೆ ತಿರುಗಿ ಹೊರಟಾಗ ಒಬ್ಬೊಬ್ಬರಿಗೂ ಒಂದೊಂದು ತುಂಡು. ಅಡಿಗಿ ಅವರವರ ಅವ್ವಂದು, ಅರಿವಿ ಖಾಲಾಂದು. "ಬುತ್ತಿ ಕೆಟ್ಟರ ನನ್ನ ಹೆಸರು ಕೆಡ್ತೈತಿ, ಬಿಸಿ ಆರಿಸಿ ಕಟ್ಟರ್ವಾ" ಅಂತ ಬಾಗಿಲಲ್ಲಿ ನಿಂತು ಜೋರು ಮಾಡುತ್ತಿದ್ದಳು. ಮಳೆಗಾಲದಲ್ಲೂ ಆ ಬುತ್ತಿ ಕೆಟ್ಟದ್ದಿಲ್ಲ.

ನನ್ನ ಮದುವಿಯಾದ ವರ್ಷದ ಪಂಚಮಿ ಅದು. ಅತ್ತಿಯ ಊರು ನವಲಿಯಿಂದ ಕರೆಯಲಿಕ್ಕೆ ಬಂದ ನಮ್ಮ ಯಜಮಾನರು ಗಂಗಾವತಿಯಿಂದ ಒಂದು ಪ್ಲಾಸ್ಟಿಕ್ ಚೀಲ ತಂದಿದ್ದರು. ಅದರ ಮೇಲೆ ಗುಲಾಬಿ ಹೂವಿನ ಚಿತ್ರ. ಆಗ ಅಂಥ ಚೀಲ ಕೈಯಲ್ಲಿದ್ದರೆ ಭಾಳ ದೊಡ್ಡಸ್ತಿಕಿ. ಅದರ ಮುಂದೆ ಖಾಲಾನ ಕಂದು ಅರಿವಿ ನೆಲ ಒರಸುವ ಅರಿವಿಯಂಗೆ ಕಂಡಿತು. ನಾದಿನಿಯರು ನಕ್ಕರೆ ಏನು ಮಾಡಲಿ ಅಂತ ನಾಚಿಕೆ. ಅವ್ವನ ಕಣ್ಣು ತಪ್ಪಿಸಿ, ಬಿಸಿ ಆರದ ಹೋಳಿಗಿಯನ್ನೆಲ್ಲ ಚೀಲಕ್ಕೆ ತುಂಬಿ ಬಿಗಿಯಾಗಿ ಗಂಟು ಹಾಕಿದೆ. ಅರಿವಿಯನ್ನು ಟ್ರಂಕಿನ ತಳಕ್ಕೆ ಹಾಕಿದೆ.

ನಮ್ಮತ್ತಿಯ ಮನಿಯಲ್ಲಿ ತವರಿನ ಬುತ್ತಿಯನ್ನು ಸೋಮವಾರವೇ ಬಿಚ್ಚಬೇಕು, ಬಿಚ್ಚಿ ಓಣಿಗೆಲ್ಲ ಬೀರಬೇಕು. ಹೋದದ್ದು ಬುಧವಾರ. ಸೋಮವಾರ ಓಣಿಯ ಹೆಂಗಸರು ಬಂದು ಕೂತರು. ಗಂಟು ಬಿಚ್ಚಿದರೆ... ಬೆವತು ಮೆತ್ತಗಾದ ಹೋಳಿಗಿ, ಮೇಲೆ ಹಸಿರು ಬೂಸರು. ಅತ್ತಿ ಮೂಗಿಗೆ ಸೆರಗು ಹಿಡಿದು ಕೇಳಿದಳು, "ಯಾರಬೇ ಇದನ್ನ ಕಟ್ಟಿ ಕಳಿಸಿದಾಕಿ?"

"ಎದುರುಮನಿ ಖಾಲಾ ಅರಿವಿ ಕೊಟ್ಟಿದ್ದಳ್ರಿ. ಅದರಾಗ ಕಟ್ಟಿದ್ದೆ, ಬಸ್ಸು ಇಳಿಯೋಮುಂದ ಚೀಲಕ್ಕ ಹಾಕೇನಿ. ಅರಿವೀನ ಹಸಿ ಇತ್ತೇನೋ" ಅಂದೆ.

ಕೊಟ್ಟದ್ದು ಖರೆ. ಕಟ್ಟಿದ್ದು ಸುಳ್ಳು.

ಆ ಮಾತು ನನಗಿಂತ ಮೊದಲೇ ತಾವರಗೇರಾ ಮುಟ್ಟಿತು. ದೀಪಾವಳಿಗೆ ಹೋದಾಗ, ಹಬ್ಬಕ್ಕೆ ಅಂತ ಖಾಲಾ ಅದ್ದಿ ಒಣಗಿಸಿದ ಅರಿವಿಗಳು ಮಡಚಿಟ್ಟಲ್ಲೇ ಕೂತಿದ್ದವು, ಯಾರೂ ಒಯ್ದಿರಲಿಲ್ಲ. ನನ್ನ ಕಂಡವಳೇ ಕರೆದು, "ಬೇಟಿ, ಆ ಅರಿವಿ ತಂದೀಯೇನು? ಎಲ್ಲಿ ತಪ್ಪಾಗೇತಿ ನೋಡತೀನಿ" ಅಂದಳು. ಟ್ರಂಕಿನಿಂದ ತೆಗೆದುಕೊಟ್ಟೆ. ಬಿಸಿಲಿಗೆ ಹಿಡಿದು ಹೊರಳಿಸಿ ಹೊರಳಿಸಿ ನೋಡಿದಳು. ಅವಳೇ ಹಾಕಿದ ಮಡಿಕಿ ಹಂಗೇ ಇತ್ತು.

"ತುಪ್ಪದ ಕಲೇನ ಇಲ್ಲಲ್ಲ..."

ಅವಳು ಅರಿವಿಯನ್ನು ಮೊದಲಿನಂಗೇ ಮಡಚಿ ನನ್ನ ಕೈಗೆ ಕೊಟ್ಟಳು. "ಇಟ್ಕೋ. ಹೊಸಾ ಸೊಸಿ ನೀನು. ಅತ್ತಿ ಮುಂದ ನಿನ್ನ ಮಾತು ನಿಂದ್ರಲಿ." ಅಷ್ಟೇ. ಓಣಿಯಲ್ಲಿ ಒಬ್ಬರ ಮುಂದೆಯೂ ಬಾಯಿ ಬಿಡಲಿಲ್ಲ. ಬರೋ ಪಂಚಮಿಗೆ ಎಲ್ಲಾ ಹೇಳಿಬಿಡಬೇಕು ಅಂತ ಗಟ್ಟಿ ಮಾಡಿಕೊಂಡೆ. ಆ ಪಂಚಮಿಗೆ ನಾನು ಹೋದೆ... ಖಾಲಾ ಉಳಿದಿರಲಿಲ್ಲ.

ಕಳೆದ ವಾರ ಕುಷ್ಟಗಿಯಲ್ಲಿ ದಾಳಿಂಬ್ರಿ ಬೆಳೆಗಾರರನ್ನು ಕೂಡಿಸಿದ್ದರು. ಕಾಲೇಜಿನ ಹುಡುಗಿಯರು ತಾವು ಮಾಡಿದ್ದನ್ನೆಲ್ಲ ಮೇಜಿನ ಮೇಲೆ ಹರವಿದ್ದರು. ನನ್ನ ಮೊಮ್ಮಗಳ ಹಾಳೆಯ ಮುಂದೇ ಹೆಚ್ಚು ಮಂದಿ! ನನಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಸಿಕ್ಕವರಿಗೆಲ್ಲ "ನನ್ನ ಮೊಮ್ಮಗಳ್ರೀ" ಅಂತ ಹೇಳಿದ್ದೇ ಹೇಳಿದ್ದು. ಆಮೇಲೆ ಅಲ್ಲಿದ್ದ ಬೋರ್ಡು ಕಣ್ಣಿಗೆ ಬಿತ್ತು. "ಈ ತಿಳುವಳಿಕೆ ನಮ್ಮ ಅಜ್ಜಿಯದು" ಅಂತ ದೊಡ್ಡ ಅಕ್ಷರದಲ್ಲಿ ಬರೆದಿದ್ದಳು. ಮೈಕು ನನ್ನ ಕೈಗೇ ಕೊಟ್ಟಳು.

ಮಂದಿ ಚಪ್ಪಾಳೆ ಹೊಡೆಯುತ್ತಿದ್ದರು. ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು. ಸುಮ್ಮನಿದ್ದು ಒಮ್ಮೆ ಕೆಡಿಸಿದ್ದು ಸಾಕು ಅನಿಸಿತು.

"ಇದು ನಂದಲ್ರೀ. ತಾವರಗೇರಾದ ಒಬ್ಬಾಕಿ ಖಾಲಾಂದು. ನಾನು ಆಕಿ ಹೆಸರು ಕೆಡಿಸಿದಾಕಿ" ಅಂದೆ. ಚೀಲ, ಬೂಸರು, ಸುಳ್ಳು, ಒಂದನ್ನೂ ಬಿಡಲಿಲ್ಲ. ಮೊಮ್ಮಗಳು ಕಣ್ಣು ಪಿಳಿಪಿಳಿ ಬಿಟ್ಟಳು. ಆಮೇಲೆ ಪೆನ್ನು ತೆಗೆದು ಬೋರ್ಡಿನ ಮೇಲೆ ಅಜ್ಜಿ ಅನ್ನೋದನ್ನು ಹೊಡೆದುಹಾಕಿ ಖಾಲಾ ಅಂತ ಬರೆದಳು. "ಇಷ್ಟು ವರ್ಷ ಹೊಟ್ಟ್ಯಾಗ ಇಟ್ಕೊಂಡಿಯಲ್ಲಬೇ ಮುದುಕಿ, ನಿನಗ ಬೂಸರು ಹಿಡೀಲಿಲ್ಲೇನು?" ಅಂತ ಕಿವಿಯಲ್ಲಿ ಅಂದಳು. ಬಿದ್ದು ಬಿದ್ದು ನಕ್ಕೆವು.

ಮನಿಗೆ ಬಂದು ಟ್ರಂಕು ತೆಗೆದೆ. ಅರಿವಿ ಇನ್ನೂ ಇತ್ತು, ವಾಸನೆ ಮಾತ್ರ ಎಂದೋ ಹೋಗಿತ್ತು. ಕೊಡವಿ ಬಿಸಿಲಿಗೆ ಹಾಕಿದೆ. ಶೇಂಗಾ ಹೋಳಿಗಿ ಮಾಡಿ, ತುಪ್ಪ ಸವರಿ, ಪೂರಾ ಆರುವತನಕ ಕಾದು ಕೂತೆ. ಆಮೇಲೆ ಖಾಲಾ ಹೇಳಿದಂಗೆ ಅದರಲ್ಲಿ ಕಟ್ಟಿದೆ. ಅವಳಿಗೆ ತೋರಿಸುವ ಭಾಗ್ಯ ನನಗಿಲ್ಲ. ಅದಕ್ಕೆ ಔಷಧವೂ ಇಲ್ಲ.

ಬೆಳಿಗ್ಗೆ ಗಂಟು ಬಿಚ್ಚಿ, ಅರಿವಿಯನ್ನು ಅವಳಂಗೇ ಬಿಸಿಲಿಗೆ ಹಿಡಿದು ನೋಡಿದೆ. ನಡುವೆ ಅಂಗೈಯಗಲ ತುಪ್ಪದ ಕಲೆ. ತೊಳೆಯಬ್ಯಾಡ ಅಂತ ಮೊಮ್ಮಗಳಿಗೆ ಹೇಳೇನಿ.