ಪುಟ್ಟಿ ತುಂಬಿದ ತೂತು

ಐವತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಕುರ್ಲಾದ ಒಂದು ಸಣ್ಣ ಕಬ್ಬಿಣದ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದೆ. ಒಂದು ದಿನ ಅಲ್ಲಿ ನನ್ನ ಎರಡೂ ಕಣ್ಣು ಹೋಗಬೇಕಾಗಿತ್ತು, ಹೋಗಲಿಲ್ಲ. ಅದಕ್ಕೆ ಕಾರಣ ನಮ್ಮ ಹಿರಿಯ ಫಿಟರ್, ಉಡುಪಿ ಕಡೆಯವರು, ಬಂದರಿನಲ್ಲಿ ಹಡಗು ರಿಪೇರಿ ಮಾಡಿ ಬಂದವರು. ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಹಾಯಿದೋಣಿಯಿದ್ದ ಒಬ್ಬ ಗಿರಾಕಿಯ, ದೋಣಿ ಸಾಗಿಸುವ ಟ್ರೇಲರ್ ಗಾಡಿ ನಮ್ಮಲ್ಲಿಗೆ ರಿಪೇರಿಗೆ ಬರುತ್ತಿತ್ತು. ಎರಡು ಗಾಲಿ, ಅವುಗಳ ನಡುವೆ ಅಡ್ಡಕ್ಕೆ, ಎರಡೂ ತುದಿ ಬೆಸೆದು ಮುಚ್ಚಿದ ಒಂದು ದಪ್ಪ ಪೈಪು. ದೋಣಿಯನ್ನು ನೀರಿಗೆ ಬಿಡುವಾಗ ಗಾಡಿಯನ್ನೂ ಸಮುದ್ರಕ್ಕೆ ಇಳಿಸುತ್ತಾರೆ. ಉಪ್ಪುನೀರು ಕುಡಿದ ಕಬ್ಬಿಣ ತುಕ್ಕು ಹಿಡಿಯದೆ ಬಿಡುವುದಿಲ್ಲ.

ಈ ಘಟನೆಯ ಹಿಂದಿನ ವರ್ಷ ಖಂಡೇನವಮಿಯ ಹೊತ್ತಿಗೆ ಆ ಗಾಡಿ ನಮ್ಮ ಶೆಡ್ಡಿನಲ್ಲೇ ಇತ್ತು. ಆಯುಧಪೂಜೆಯ ದಿನ ಶೆಡ್ಡಿನಲ್ಲಿ ನಿಂತದ್ದಕ್ಕೆಲ್ಲ, ನಮ್ಮದಿರಲಿ ಗಿರಾಕಿಯದಿರಲಿ, ಹೂವು ಕುಂಕುಮ ಏರಿಸುವುದು ನಮ್ಮ ಪದ್ಧತಿ. ಅದಕ್ಕೆ ಮೊದಲು ಎಲ್ಲವೂ ಹೊಸದರಂತೆ ಕಾಣಬೇಕು. ನಾನು ತುಕ್ಕು ತೆಗೆಯದೆ ಅದರ ಮೇಲೆಯೇ ನೀಲಿ ಬಣ್ಣ ಬಳಿದೆ. ಪೈಪಿನ ಕೆಳಭಾಗದಲ್ಲಿ ಪೆನ್ಸಿಲ್ ಹೋಗುವಷ್ಟು ಒಂದು ತೂತು ಕಂಡಿತು. ಪೂಜೆಗೆ ನಿಲ್ಲಿಸುವ ಗಾಡಿಯಲ್ಲಿ ತೂತೇ ಎಂದುಕೊಂಡು ಒಣಗಿದರೆ ಗಟ್ಟಿಯಾಗುವ ಪುಟ್ಟಿಯ ಮೆತ್ತೆ ತುಂಬಿ, ನಯಗೊಳಿಸಿ, ಬಣ್ಣ ಹಚ್ಚಿದೆ. ಯಾರಿಗೂ ಹೇಳಲಿಲ್ಲ. ಹೇಳುವಂಥ ಸಂಗತಿ ಅನ್ನಿಸಲೂ ಇಲ್ಲ.

ಮರುವರ್ಷ ಗಾಡಿ ಮತ್ತೆ ಬಂತು. ಈ ಸಲ ಬಣ್ಣವನ್ನೆಲ್ಲ ಕಿತ್ತು ಕಬ್ಬಿಣ ಬೆಳ್ಳಗೆ ಕಾಣುವವರೆಗೆ ಕೆರೆಯಬೇಕೆಂದು ವರ್ಕ್‌ಶಾಪಿನ ಮಾಲೀಕರು ಹೇಳಿದರು. ಗಾಲಿ ಕಳಚಿ, ಗಾಡಿಯನ್ನು ಮಗುಚಿ, ಎರಡು ಮರದ ಸ್ಟ್ಯಾಂಡುಗಳ ಮೇಲೆ ಇಟ್ಟೆವು. ಕೆಳಗಿದ್ದ ತೂತು ಹೀಗೆ ಮೇಲಕ್ಕೆ ಬಂತು. ಎಡಗೈಯಲ್ಲಿ ಉರಿ ಚಿಮ್ಮುವ ಸೀಮೆಎಣ್ಣೆಯ ಬ್ಲೋಲ್ಯಾಂಪ್, ಬಲಗೈಯಲ್ಲಿ ಕೆರೆಯುವ ತಗಡು. ಉರಿ ತಾಗಿದಲ್ಲಿ ಬಣ್ಣ ಗುಳ್ಳೆಯೇಳುತ್ತಿತ್ತು. ನನ್ನ ನೀಲಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಬೂದಿ, ಅದರ ಕೆಳಗೆ ತುಕ್ಕು ಹಪ್ಪಳದಂತೆ ಏಳುತ್ತಿತ್ತು. ಪುಟ್ಟಿ ಇದ್ದ ಜಾಗದಲ್ಲಿ ಬಣ್ಣ ಹಟ ಮಾಡಿತು. ಉರಿಯನ್ನು ಅಲ್ಲೇ ಹಿಡಿದು, ಸರಿಯಾಗಿ ಕಾಣಲೆಂದು ಮುಖವನ್ನು ಒಂದು ಗೇಣಿನಷ್ಟು ಹತ್ತಿರ ತಂದೆ.

ಫಿಟರ್ ಐದಾರು ಹೆಜ್ಜೆ ಆಚೆ ಒಂದು ಕಬ್ಬಿಣದ ತುಂಡಿಗೆ ಅರ ಉಜ್ಜುತ್ತಿದ್ದರು. ಉಜ್ಜುವುದು ನಿಂತಿತು. ಪೈಪಿನ ಬೆಸುಗೆಯ ಹತ್ತಿರ ಸಣ್ಣಗೆ ಸುಂಯ್ ಎನ್ನುತ್ತಿತ್ತಂತೆ. ಲ್ಯಾಂಪಿನ ಭರಾಟೆಯಲ್ಲಿ ನನಗೆ ಕೇಳಿಸಿರಲಿಲ್ಲ. ಅವರು ಏನೂ ಕೂಗದೆ ಬಂದು ನನ್ನ ಕಾಲರ್ ಹಿಡಿದು ಹಿಂದಕ್ಕೆ ಎಳೆದರು. ಅಂಗಿ ಹರಿಯಿತು. ಸಿಟ್ಟಿನಿಂದ ಬಾಯಿ ತೆರೆದೆ. ಅಷ್ಟರಲ್ಲಿ ಗೋಲಿಸೋಡಾ ಒಡೆದಂತೆ ಸದ್ದಾಗಿ ಪುಟ್ಟಿ ಹಾರಿತು. ಹಿಂದೆಯೇ ಆವಿ, ಕುದಿಯುವ ಕೆಂಪು ನೀರು. ಶೆಡ್ಡಿನ ಮಾಡಿನ ತಗಡಿಗೆ ಬಡಿದ ನೀರು ತೊಟ್ಟಿಕ್ಕಿತು. ನನ್ನ ಮುಂಗೈ ಮೇಲೆ ಮೂರು ಹನಿ ಬಿದ್ದವು, ಮೂರೂ ಬೊಕ್ಕೆಯಾದವು. ಅಷ್ಟೇ.

ಅವರು ಲ್ಯಾಂಪ್ ಆರಿಸಿದರು. ನನ್ನನ್ನು ಹಲಗೆಯ ಮೇಲೆ ಕೂರಿಸಿ, ಮೊದಲು ಒಂದು ಕಣ್ಣು ಮುಚ್ಚಿಸಿ, ಆಮೇಲೆ ಇನ್ನೊಂದು ಮುಚ್ಚಿಸಿ, ತಾವು ತೋರಿಸಿದ ಬೆರಳು ಎಷ್ಟೆಂದು ಕೇಳಿದರು. ಸರಿಯಾಗಿ ಹೇಳಿದೆ. ಆಮೇಲೆ ಆ ತೂತು ನೋಡಿದರು.

"ಇದನ್ನು ಯಾರು ಮುಚ್ಚಿದ್ದು?"

"ನಾನಽ ರೀ. ಪೂಜಾದಾಗ ತೂತು ಕಾಣಬಾರದಂತ."

"ಅದು ಗಾಯ ಅಲ್ಲ ಮಾರಾಯ, ಅದು ಗಾಡಿಯ ಮೂಗು. ಒಳಗೆ ಹೊಕ್ಕ ನೀರು ಸೋರಿ ಹೋಗ್ಲಿಕ್ಕೆ ಬಿಟ್ಟದ್ದು. ಮೂಗು ಮುಚ್ಚಿ ಹೂ ಮುಡಿಸಿದ್ದಿಯಲ್ಲ ನೀನು."

ನಗು ಬರಲಿಲ್ಲ. ಅವರಿಗೂ ಬರಲಿಲ್ಲ. ಬೆಸುಗೆಯ ಬಿರುಕಿನಿಂದ ವರ್ಷವಿಡೀ ಒಳಗೆ ಇಳಿದ ನೀರಿಗೆ ಹೊರಗೆ ಹೋಗಲು ದಾರಿ ಇರಲಿಲ್ಲ ಎಂದು ಬಿಡಿಸಿ ಹೇಳಿದರು. ಸದ್ದು ಕೇಳಿ ಮಾಲೀಕರು ಬಂದಾಗ ಫಿಟರ್, ಪೈಪಿನಲ್ಲಿ ನೀರು ನಿಂತಿತ್ತು, ಈಗ ಹೋಯಿತು ಎಂದರು. ಸುಳ್ಳಲ್ಲ. ನನ್ನ ಹೆಸರು ಮಾತ್ರ ಅದರಲ್ಲಿ ಬರಲಿಲ್ಲ.

ಪೈಪು ಆರಿದ ಮೇಲೆ ಗಾಡಿಯನ್ನು ನೆಟ್ಟಗೆ ತಿರುಗಿಸಿ ತೂತಿಗೆ ಸಲಾಕೆ ಹಾಕಿದರು. ಇನ್ನೂ ಒಂದು ತಂಬಿಗೆಯಷ್ಟು ನೀರು ಬಂತು. ಮತ್ತೆ ಮಗುಚಿದೆವು. ಕೆಲಸ ಅರ್ಧವೂ ಆಗಿರಲಿಲ್ಲ. ಲ್ಯಾಂಪ್ ಹಿಡಿಯಲು ಕೈ ಮುಂದೆ ಬರಲಿಲ್ಲ, ನಾಳೆ ಮಾಡ್ತೀನ್ರಿ ಎಂದೆ. ನಾಳೆ ಇನ್ನೂ ಕಷ್ಟವಾಗುತ್ತದೆ ಎಂದರು. ತಾವೇ ಲ್ಯಾಂಪ್ ಹಚ್ಚಿ, ಉರಿಯನ್ನು ಪೈಪಿಗೆ ಹಿಡಿದು, ಇನ್ನೊಂದು ಅಂಗೈಯನ್ನು ಆ ತೂತಿನ ಮೇಲೆ, ನಾಲ್ಕು ಬೆರಳಿನಷ್ಟು ಎತ್ತರದಲ್ಲಿ ಹಿಡಿದು ನಿಂತರು. ಬಹಳ ಹೊತ್ತು ನಿಂತರು. ಕೈ ಅಲುಗಲಿಲ್ಲ.

"ಬರೇ ಬಿಸಿಗಾಳಿ. ನೀನೂ ನೋಡು."

ನಾನು ನನ್ನ ಅಂಗೈಯನ್ನು ಅವರ ಅಂಗೈಯ ಪಕ್ಕದಲ್ಲಿ ಹಿಡಿದೆ. ಬರೇ ಬಿಸಿಗಾಳಿಯೇ. ಆಗ ಅವರು ಲ್ಯಾಂಪನ್ನು ನನಗೆ ಕೊಟ್ಟು, ನಾನು ಆ ಬದಿಯನ್ನು ಪೂರ್ತಿ ಕೆರೆದು ಮುಗಿಸುವವರೆಗೂ ತಮ್ಮ ಅರದ ಕಡೆಗೆ ಹೋಗಲಿಲ್ಲ.