ಓದದೆ ಬಾಯಿಗೆ ಹಾಕದ ಅಕ್ಕ

ಸಾಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ, ಯಾರ ಕೈಯಲ್ಲಿ ತಿಂಡಿ ಪ್ಯಾಕೆಟ್ ಕಂಡರೂ ಕಿತ್ತುಕೊಂಡು ಹಿಂದೆ ಮುಂದೆ ತಿರುಗಿಸಿ ಓದುತ್ತಿದ್ದರು. "ಓದ್ದೆ ಬಾಯಿಗೆ ಹಾಕ್ಬಾರ್ದು ಮಾರಾಯ್ತಿ." ಅವರ ಓದು ಮುಗಿಯುವಷ್ಟರಲ್ಲಿ ನನ್ನ ಚಹಾ ತಣ್ಣಗಾಗುತ್ತಿತ್ತು.

ಒಮ್ಮೆ ಅವರನ್ನು ಕಾರಿನಲ್ಲಿ ಸಿಗಂದೂರಿಗೆ ಕರೆದುಕೊಂಡು ಹೊರಟೆ. ಮೀನಿಲ್ಲದೆ ಊಟ ಇಳಿಯದ ಅಕ್ಕ, ದೇವಿಯ ದರ್ಶನಕ್ಕೆಂದು ಹಿಂದಿನ ದಿನದಿಂದಲೇ ಮೀನು ಮುಟ್ಟಿರಲಿಲ್ಲ. ಹಿಂದಿನ ಸೀಟಿನಲ್ಲಿ ನನ್ನ ಗಂಡ ತಂದಿಟ್ಟ ಎರಡು ಪ್ಯಾಕೆಟ್ ಜಪಾನಿ ಕುರುಕಲು ತಿಂಡಿ ಅವರ ಕಣ್ಣಿಗೆ ಬಿತ್ತು. ಹಿಂಬದಿಯಲ್ಲಿ ಇಂಗ್ಲಿಷಿನಲ್ಲೂ ಬರೆದಿತ್ತು, ಆದರೆ ಅಕ್ಕ ಕನ್ನಡಕ ಮನೆಯಲ್ಲೇ ಮರೆತಿದ್ದರು.

"ಕಾರು ನಿಲ್ಲಿಸ್ತೀನಿ, ಕೊಡಿ ಇಲ್ಲಿ, ನಾನು ಓದ್ತೀನಿ" ಎಂದರೆ ಕೇಳಬೇಕಲ್ಲ!

"ಯಾಕೆ, ನಂಗೆ ಓದಕ್ಕೆ ಬರಲ್ವಾ?"

ಪ್ಯಾಕೆಟ್ಟನ್ನು ತೋಳುದ್ದ ಹಿಡಿದು, ಮೇಲಿದ್ದ ಕೆಂಪು ಚಿತ್ರ ನೋಡಿ, "ಬ್ಯಾಡಗಿ ಮೆಣಸಿನಕಾಯಿ" ಎಂದು ತೀರ್ಪು ಕೊಟ್ಟು, ಕುರುಂ ಕುರುಂ ಎಂದು ಪೂರ್ತಿ ಖಾಲಿ ಮಾಡಿದರು.

ದೇವಸ್ಥಾನದ ಬಳಿ ಕಾರು ನಿಲ್ಲಿಸಿ ಖಾಲಿ ಪ್ಯಾಕೆಟ್ ಎತ್ತಿಕೊಂಡೆ. ಮೆಣಸಿನಕಾಯಿಗೆ ಮೀಸೆಯಿತ್ತು, ಕಾಲುಗಳಿದ್ದವು. ಅದು ಸಿಗಡಿ.

"ನೀನಾದ್ರೂ ನೋಡ್ಬಾರ್ದಿತ್ತಾ?" ಬೈಗುಳವೂ ನನಗೇ! ಇನ್ನು ಒಳಗೆ ಬರುವುದಿಲ್ಲವೆಂದು ಕಾರಿನಲ್ಲೇ ಮುಖ ಸಣ್ಣದು ಮಾಡಿಕೊಂಡು ಕೂತರು. ಅವರ ಹಣ್ಣುಕಾಯಿಯನ್ನೂ ನಾನೇ ಮಾಡಿಸಿ, ಅವರ ಪರವಾಗಿ ತಪ್ಪುಕಾಣಿಕೆ ಹಾಕಿ, ಕೈಮುಗಿದು ಬಂದೆ.

ಅಕ್ಕ ಕಾರಿನಲ್ಲಿದ್ದ ನನ್ನ ಬ್ಯಾಗಿನಿಂದ ನನ್ನ ಓದುವ ಕನ್ನಡಕ ತೆಗೆದು ಹಾಕಿಕೊಂಡಿದ್ದರು. ಮಡಿಲಲ್ಲಿ ಎರಡನೇ ಪ್ಯಾಕೆಟ್, ಅರ್ಧ ಖಾಲಿ.

"ಈ ಸಲ ಓದ್ಕಂಡೇ ತಿಂದೆ ಮಾರಾಯ್ತಿ."